ಖಾಲಿ ಪೆಟ್ಟಿಗೆಯ ತೂಕ

ಕಂತು ಏಳು

"ನಾಲ್ಕು ಗಂಟೆ," ಎಂದರು ಕಾರ್ಯದರ್ಶಿಗಳು, ಬಾಯಲ್ಲಿದ್ದ ಪೆಪ್ಪರಮಿಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿ. "ನಾಲ್ಕಕ್ಕೆ ವೈರಿಂಗಿನವರು ಮೇನ್ ಸ್ವಿಚ್ ಇಳಿಸ್ತಾರೆ. ಅಷ್ಟರೊಳಗೆ ನಿಮ್ಮ ನಾದಿನಿ ಬಾಯಿ ಬಿಟ್ಟರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಬರೋದು ಬೇಡ ಅಂತ ನೀವೇ ಹೇಳಿಬಿಡಿ. ಆ ಹುಡುಗಿ ಮುಖ ನೋಡ್ಕೊಂಡು ನನಗೆ ಹೇಳೋಕಾಗಲ್ಲ."

"ಹುಡುಗಿಗೆ ಮೂವತ್ತೊಂಬತ್ತು ಸಾರ್."

"ನನಗೆ ಎಪ್ಪತ್ತೊಂದು. ನನ್ನ ಲೆಕ್ಕದಲ್ಲಿ ನೀವೂ ಹುಡುಗೀನೇ."

ಬೇರೆ ದಿನವಾಗಿದ್ದರೆ ಚಾಳೀಸಕ್ಕ ನಕ್ಕುಬಿಡುತ್ತಿದ್ದಳು. ಈಗ ಮೂಗಿನ ತುದಿಗೆ ಜಾರಿದ್ದ ಚಾಳೀಸನ್ನು ಮೇಲೇರಿಸಿದಳು, ಅಷ್ಟೆ. ಸದಾ ಕೊರಳ ದಾರಕ್ಕೆ ಜೋತುಬಿದ್ದಿರುವ ಆ ಕನ್ನಡಕದಿಂದಲೇ ಅವಳಿಗೆ ಆ ಹೆಸರು ಬಂದಿತ್ತು. ಸಣ್ಣಪುಟ್ಟ ಸಂಸ್ಥೆಗಳ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲರೂ ಗುಜರಿಗೆ ಎಂದ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ ಇನ್ನೂ ಹತ್ತು ವರ್ಷ ದುಡಿಸುವುದು ಅವಳ ಹಟ.

ಕಣ್ಣು ಕಾಣದವರಿಗೆ ಪುಸ್ತಕ ಓದಿ ಕೇಳಿಸುವ ಈ ಗ್ರಂಥಾಲಯದಲ್ಲಿ, ದನಿಯಮ್ಮ ಓದಿದ್ದ ಕೊನೆಯ ಪುಸ್ತಕ ಆ ಮಧ್ಯಾಹ್ನ ಮಾಯವಾಗಿತ್ತು. ಅಳಿಸಿದ ಆಜ್ಞೆ ಹೊರಟದ್ದು ರೆಕಾರ್ಡಿಂಗ್ ಕೋಣೆಯಲ್ಲಿದ್ದ ನಾದಿನಿಯ ಕುರ್ಚಿಯಿಂದ.

ದನಿಯಮ್ಮ ನಿವೃತ್ತ ನರ್ಸು. ಇಪ್ಪತ್ತು ವರ್ಷ ಈ ಕಟ್ಟಡದ ಗಾಜಿನ ಕೋಣೆಯಲ್ಲಿ ಕೂತು ಓದಿದವರು. ಬೆಳಿಗ್ಗೆ ಹತ್ತಕ್ಕೆ ಅವರ ಗಂಟಲಿಗೆ ಆಪರೇಷನ್ ಆಗಿತ್ತು. ಪ್ರಾಣಕ್ಕೆ ಭಯವಿಲ್ಲ, ಮಾತು ಮಾತ್ರ ಇನ್ನಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಕಳೆದುಹೋಗಿದ್ದು ಬರೀ ಒಂದು ಫೈಲಲ್ಲ. ಇನ್ನೊಮ್ಮೆ ಓದಿಸೋಣ ಎನ್ನುವ ದಾರಿಯೇ ಮುಚ್ಚಿತ್ತು.

"ವೈರಿಂಗನ್ನ ಒಂದು ದಿನ ಮುಂದಕ್ಕೆ ಹಾಕೋಕಾಗಲ್ವಾ ಸಾರ್?"

"ಹದಿನೈದು ದಿನ ಫೋನ್ ಮಾಡಿ ಮಾಡಿ ಕರೆಸಿದ್ದೀನಮ್ಮ. ಇವತ್ತು ವಾಪಸ್ ಕಳಿಸಿದ್ರೆ ಈ ಜನ್ಮದಲ್ಲಿ ಮತ್ತೆ ಕೈಗೆ ಸಿಗಲ್ಲ. ಅದೂ ಅಲ್ದೆ, ಹೋದದ್ದು ಹೋಗಿಯಾಯ್ತು. ಕರೆಂಟ್ ಇದ್ದರೇನು, ಇಲ್ಲದಿದ್ದರೇನು?" ಅವರು ಕಿಟಕಿಯ ಕಡೆ ತಿರುಗಿಕೊಂಡರು. ಕೈಯಲ್ಲಿದ್ದ ಬೀಗದಕೈ ಗೊಂಚಲು ಝಣ್ ಎಂದಿತು. ಅವರು ಎಲ್ಲಿದ್ದಾರೆಂದು ಇಡೀ ಕಟ್ಟಡಕ್ಕೆ ತಿಳಿಯುತ್ತಿದ್ದುದೇ ಆ ಸದ್ದಿನಿಂದ.

ಅವರ ಮೇಜಿನ ಮೇಲೆ ಎಂದಿನಂತೆ ಕಾಗದದ ಕಟ್ಟು, ನೀರಿನ ಲೋಟ, ಒಂದು ಕಪ್ಪು ಗುಂಡಿ. ಏನಾದರೂ ಪ್ರಕಟಣೆ ಮಾಡುವುದಿದ್ದರೆ ಕೇಳುವ ಕೋಣೆಯ ಮೂರೂ ಮೇಜುಗಳನ್ನು ಒಮ್ಮೆಗೇ ನಿಲ್ಲಿಸಲಿ ಎಂದು ಚಾಳೀಸಕ್ಕನೇ ಕೂಡಿಸಿಕೊಟ್ಟಿದ್ದು. ಪಕ್ಕದ ಹೆಡ್‌ಫೋನು, ಯಾವ ಮೇಜಿನಲ್ಲಿ ಏನು ಓಡುತ್ತಿದೆಯೆಂದು ಕೇಳಿ ನೋಡಲು. ಎಂಟು ವರ್ಷದಲ್ಲಿ ಅವರು ಅದನ್ನು ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಅವಳೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ವೈರು ಧೂಳು ತಿನ್ನುತ್ತ ಕೂತಿರುತ್ತಿತ್ತು.

ಇವತ್ತು ರಬ್ಬರ್ ಬ್ಯಾಂಡ್ ಇರಲಿಲ್ಲ. ವೈರು ಬಿಚ್ಚಿಕೊಂಡಿತ್ತು.

ಅಡುಗೆಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳ ಓರೆಯಾಗಿದ್ದರೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇದೂ ಕಣ್ಣಿಗೆ ಬಿತ್ತು. ಆದರೆ ಗೋಡೆಯ ಗಡಿಯಾರ ಎರಡು ಐವತ್ತು ತೋರಿಸುತ್ತಿತ್ತು. ನೋಡಿದಳು, ಮರೆತಳು.

*

ಓದಿದ ಪುಸ್ತಕಗಳನ್ನೆಲ್ಲ ಹಿಡಿದಿಟ್ಟಿದ್ದ ದೊಡ್ಡ ಯಂತ್ರ ಇದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳ ನಡುವೆ ಅದು ಹಳೆಯ ಫ್ರಿಜ್ಜಿನಂತೆ ಗುಂಯ್‌ಗುಡುತ್ತಿತ್ತು. ಅದರ ಕೆಮ್ಮು ಸೀನು ಎಲ್ಲ ಚಾಳೀಸಕ್ಕನಿಗೆ ಗೊತ್ತು. ಸ್ಟೂಲೆಳೆದುಕೊಂಡು ಕೂತಳು.

ಮೊದಲು ತನ್ನ ತಪ್ಪನ್ನೇ ಇನ್ನೊಮ್ಮೆ ನೋಡಿದಳು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲರೂ ಊಟಕ್ಕೆದ್ದ ಹೊತ್ತಿನಲ್ಲಿ, ಈ ಯಂತ್ರದಲ್ಲಿರುವುದೆಲ್ಲ ಪಕ್ಕದ ಇನ್ನೊಂದು ಡಿಸ್ಕಿಗೆ ನಕಲಾಗುತ್ತದೆ. ಆ ನಕಲಿಗೆ ಅವಳೇ ಒಂದು ನಿಯಮ ಬರೆದಿದ್ದಳು: ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು. ಕಸ ತುಂಬದಿರಲಿ ಎಂಬ ಅಚ್ಚುಕಟ್ಟು. ಹನ್ನೆರಡು ನಲವತ್ತಕ್ಕೆ ಇಲ್ಲಿ ಫೈಲು ಅಳಿಸಿಹೋಯಿತು. ಒಂದು ಗಂಟೆಗೆ ನಕಲು ಬಹಳ ವಿಧೇಯತೆಯಿಂದ ಅಲ್ಲಿಯೂ ಅಳಿಸಿತು.

"ನಿನ್ನ ಅಚ್ಚುಕಟ್ಟಿಗಿಷ್ಟು ಬೆಂಕಿ ಹಾಕ," ಎಂದು ತನಗೆ ತಾನೇ ಹೇಳಿಕೊಂಡಳು.

ಕೈ ಮಾತ್ರ ಅಭ್ಯಾಸಬಲದಿಂದ ಕೆಲಸ ಮಾಡುತ್ತಿತ್ತು. ಡಿಸ್ಕಿಗೆ ಎರಡು ಪ್ರಶ್ನೆ ಕೇಳಿದಳು. ಒಟ್ಟು ಎಷ್ಟು ಜಾಗ ತುಂಬಿದೆ? ಅದು ಹೇಳಿತು. ಪ್ರತಿ ಫೋಲ್ಡರನ್ನೂ ತೆರೆದು ಒಳಗಿರುವುದನ್ನು ಕೂಡಿದರೆ ಎಷ್ಟಾಗುತ್ತದೆ? ಅದನ್ನೂ ಹೇಳಿತು.

ಎರಡು ಉತ್ತರ ತಾಳೆಯಾಗಲಿಲ್ಲ.

ಚಾಳೀಸನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ವ್ಯತ್ಯಾಸ ಮೂರೂವರೆ ಜಿಬಿ. ಹನ್ನೊಂದು ಗಂಟೆ ಒಬ್ಬರು ಓದಿದ್ದನ್ನು ಇಡಲು ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು.

ಪೆಟ್ಟಿಗೆ ಖಾಲಿ. ತೂಕ ಮಾತ್ರ ಇಳಿದಿಲ್ಲ.

"ಯಾರೋ ಹಿಡ್ಕೊಂಡಿದ್ದಾರೆ," ಎಂದಳು ಬಕೆಟ್ಟಿಗೆ.

ಈ ವ್ಯವಸ್ಥೆಯಲ್ಲಿ ಅವಳು ಮನಸಾರೆ ಮೆಚ್ಚಿದ್ದ ಗುಣವೊಂದಿತ್ತು. ಫೈಲನ್ನು ಅಳಿಸು ಎಂದರೆ ಲಿನಕ್ಸ್ ಅದರ ಹೆಸರನ್ನಷ್ಟೇ ಅಳಿಸುತ್ತದೆ, ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತ ಹಾಗೆ. ಒಳಗೆ ಯಾರಾದರೂ ಇದ್ದರೆ, ಅಂದರೆ ಓಡುತ್ತಿರುವ ಯಾವುದಾದರೂ ಪ್ರೋಗ್ರಾಮು, ಅವಳ ಭಾಷೆಯಲ್ಲಿ ಪ್ರೋಸೆಸ್ಸು, ಆ ಫೈಲನ್ನು ತೆರೆದುಕೊಂಡು ಓದುತ್ತಿದ್ದರೆ, ಅದು ಮನೆ ಕೆಡವುವುದಿಲ್ಲ. ಅವರು ಓದಿ ಮುಗಿಸಿ ಹೊರಬರುವವರೆಗೆ ಬಾಗಿಲಲ್ಲಿ ಕಾಯುತ್ತದೆ. ಯಂತ್ರಗಳಲ್ಲಿ ಇಷ್ಟು ಮರ್ಯಾದೆ ಇದೆಯಲ್ಲ ಎಂದು, ಮೊದಲ ಸಲ ಓದಿದ ದಿನ ಅವಳು ಗಂಡನಿಗೆ ಹೇಳಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ ಹೂಂಗುಟ್ಟಿದ್ದ.

ಹೆಸರು ಹೋಗಿಯೂ ಯಾರದೋ ಕೈಯಲ್ಲಿ ಉಳಿದ ಫೈಲುಗಳ ಪಟ್ಟಿ ಕೊಡು ಎಂದಳು. ಒಂದೇ ಸಾಲು ಬಂತು.

ಕೇಳುವ ಕೋಣೆ, ಮೂರನೇ ಮೇಜು. ಸ್ಥಿತಿ: ನಿಲ್ಲಿಸಲಾಗಿದೆ.

ಆ ಕೋಣೆಯ ಮೇಜುಗಳಲ್ಲಿ ಇದ್ದದ್ದು ಬರೀ ಹೆಡ್‌ಫೋನು ಮತ್ತು ನಾಲ್ಕು ಗುಂಡಿ. ಓಡುವುದೆಲ್ಲ ಈ ಮೆಟ್ಟಿಲ ಕೆಳಗೇ. ‘ನಿಲ್ಲಿಸು' ಒತ್ತಿದರೆ ಪ್ರೋಸೆಸ್ಸು ಇದ್ದಲ್ಲೇ ಕಲ್ಲಾಗುತ್ತದೆ, ಆದರೆ ಹಿಡಿದ ಫೈಲನ್ನು ಬಿಡುವುದಿಲ್ಲ. ‘ಮುಗಿಸು' ಒತ್ತಿದರೆ ಬಿಡುತ್ತದೆ. ಕರೆಂಟು ಹೋದರೂ ಅಷ್ಟೆ. ಯುಪಿಎಸ್ ಬ್ಯಾಟರಿ ಕೈಕೊಟ್ಟು ತಿಂಗಳಾಗಿತ್ತು.

ಮೂರನೇ ಮೇಜಿನಲ್ಲಿ ಕೂರುವವರು ಕಿವಿಯಣ್ಣ. ಕುರ್ಚಿ ಬಿಟ್ಟೇಳುವ ಮೊದಲು ತಪ್ಪದೆ ‘ಮುಗಿಸು' ಒತ್ತುವಷ್ಟು ಶಿಸ್ತಿನ ಮನುಷ್ಯ.

ಚಾಳೀಸಕ್ಕ ಐವತ್ತೆರಡರ ಮಂಡಿಗಳನ್ನು ಮರೆತು ಓಡಿದಳು.

*

"ಅಣ್ಣಾ, ಕೈ ಮೇಲೆತ್ತಿ!"

ಕಿವಿಯಣ್ಣ ಎರಡೂ ಕೈ ಎತ್ತಿದರು. ಆಮೇಲೆ ನಕ್ಕರು. "ಏನಮ್ಮ ಇದು, ಪೊಲೀಸಿನವರ ಥರ! ಏನು ಕದ್ದೆ ನಾನು?"

ಹುಟ್ಟಿನಿಂದ ಕಣ್ಣು ಕಾಣದ ಈ ಅರವತ್ತಾರರ ಮನುಷ್ಯನ ಕೆಲಸ, ಓದಿದ್ದರಲ್ಲಿ ತಪ್ಪು ಹುಡುಕುವುದು. ಎಲ್ಲಿ ಓದುವವರ ಉಸಿರು ಕಟ್ಟಿತು, ಎಲ್ಲಿ ಸಾಲು ಹಾರಿತು, ಎಲ್ಲಿ ಹೊರಗೆ ಸ್ಕೂಟರು ಹೋಯಿತು, ಎಲ್ಲ ಅವರ ಕಿವಿಗೆ ಸಿಗುತ್ತಿತ್ತು. ಉಳಿದೆರಡು ಮೇಜು ಇವತ್ತು ಖಾಲಿ.

"ಆ ಗುಂಡಿಗಳನ್ನ ಮುಟ್ಟಬೇಡಿ. ಒಂದನ್ನೂ. ಏಳೋದೂ ಬೇಡ. ಒಂದರಿಂದ ಇಲ್ಲೇ ಕೂತಿದ್ದೀರಾ? ಊಟ?"

"ಹಸಿವಿರಲಿಲ್ಲ."

"ದನಿಯಮ್ಮನ ಪುಸ್ತಕ ನಿಮ್ಮ ಈ ಪೆಟ್ಟಿಗೇಲಿ ಇನ್ನೂ ಬದುಕಿದೆ ಅಣ್ಣಾ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನೀವು ನಿಲ್ಲಿಸಿದ್ದಕ್ಕೇ ಉಳೀತು. ಯಾಕೆ ಮುಗಿಸಲಿಲ್ಲ?"

ಕಿವಿಯಣ್ಣ ಎತ್ತಿದ ಕೈಗಳನ್ನು ಮೆಲ್ಲಗೆ ಇಳಿಸಿ ಮಡಿಲಲ್ಲಿಟ್ಟುಕೊಂಡರು.

"ಕೊನೇ ಇಪ್ಪತ್ತು ನಿಮಿಷ ಇತ್ತು. ಉಳಿಸ್ಕೊಂಡೆ. ಮುಗಿಸಿಬಿಟ್ರೆ ಮುಗಿದೇ ಹೋಗತ್ತಲ್ಲಮ್ಮ. ಇನ್ನೊಂದು ಪುಸ್ತಕ ಬರುತ್ತೆ ಅನ್ನೋ ಹಾಗಿಲ್ಲ."

ಚಾಳೀಸಕ್ಕನಿಗೂ ಅಂಥದೊಂದು ರೂಢಿಯಿತ್ತು. ಅಮ್ಮ ಕೊನೆಯದಾಗಿ ಹೆಣೆಯುತ್ತಿದ್ದ ಸ್ವೆಟರಿನ ಒಂದು ತೋಳು ಅರ್ಧಕ್ಕೇ ನಿಂತಿತ್ತು, ಯಾರೆಷ್ಟು ಹೇಳಿದರೂ ಪೂರ್ತಿ ಮಾಡಿರಲಿಲ್ಲ. "ಹೀಗೇ ಕೂತಿರಿ," ಎಂದು ಅವರ ಭುಜ ಮುಟ್ಟಿ ಹಿಂದಿರುಗಿದಳು.

*

ಕಲ್ಲಾಗಿ ನಿಂತ ಪ್ರೋಸೆಸ್ಸಿನ ಕೈಯಿಂದಲೇ ಫೈಲಿನ ನಕಲು ತೆಗೆಯಬಹುದು. ಮನೆಯ ಬೀಗದಕೈಗೆ ಕಟ್ಟಿಕೊಂಡಿದ್ದ ಪೆನ್‌ಡ್ರೈವನ್ನು ಚುಚ್ಚಿ ಆಜ್ಞೆ ಕೊಟ್ಟಾಗ ಮೂರು ಹದಿನೈದು. ಹಳೆಯ ಯಂತ್ರ, ಅರ್ಧ ಗಂಟೆ ಬೇಕು ಎಂದಿತು.

"ಮೇಡಂ," ಎಂದಿತು ಹಜಾರದಿಂದ ಒಂದು ಹೊಸ ದನಿ. ಕೈಯಲ್ಲಿ ಟೆಸ್ಟರು ಹಿಡಿದ ವೈರಿಂಗ್ ಮೇಸ್ತ್ರಿ. "ಹೇಗೂ ಬಂದಿದ್ದೀವಿ. ಈಗಲೇ ಮೇನ್ ಇಳಿಸಿ ಶುರು ಮಾಡ್ಕೊಂಡ್ಬಿಡೋಣ್ವಾ?"

ಆಗ ರೆಕಾರ್ಡಿಂಗ್ ಕೋಣೆಯ ಬಾಗಿಲಲ್ಲಿ ನಾದಿನಿ ಕಾಣಿಸಿಕೊಂಡಳು. ಮಧ್ಯಾಹ್ನದಿಂದ ಅತ್ತು ಮೂಗು ಕೆಂಪಾಗಿತ್ತು.

"ನೀನು ಬಾ ಇಲ್ಲಿ," ಎಂದಳು ಚಾಳೀಸಕ್ಕ ಪಿಸುದನಿಯಲ್ಲಿ. "ಇವರಿಗೆಲ್ಲ ಟೀ ಕೊಡು. ಬಿಸ್ಕತ್ತು ಕೊಡು. ಅದೂ ಸಾಲದಿದ್ರೆ ನಿಮ್ಮಣ್ಣ ಸೈಕಲ್ ಸಮೇತ ಬಾವಿಗೆ ಬಿದ್ದ ಕಥೆ ಹೇಳು. ನಾಲ್ಕರವರೆಗೆ ಸ್ವಿಚ್ಚಿನ ಹತ್ರ ಒಬ್ಬರೂ ಸುಳೀಬಾರದು."

"ಸಿಕ್ತಾ ಅತ್ತಿಗೆ?"

"ಮೊದಲು ಟೀ."

ಹತ್ತು ನಿಮಿಷದಲ್ಲಿ ಹಿತ್ತಲಿನಿಂದ ಗಂಡಸರ ನಗು ಕೇಳಿಸಿತು. ಬಾವಿಯ ಕಥೆ ಎಂದೂ ಸೋತದ್ದಿಲ್ಲ. ನಾದಿನಿ ಬಂದು ಮುರಿದ ಕುರ್ಚಿಯ ಅಂಚಿನಲ್ಲಿ ಕೂತಳು. ಪರದೆಯ ಮೇಲೆ ಸಂಖ್ಯೆ ಇಷ್ಟಿಷ್ಟೇ ಏರುತ್ತಿತ್ತು.

ಚಾಳೀಸಕ್ಕ ಅವಳ ಕಡೆ ನೋಡದೆ ಹೇಳಿದಳು: "ಅಳಿಸಿದ್ದು ನೀನೇ."

ನಾದಿನಿ ಪಕ್ಕದ ಪೊರಕೆಯಿಂದ ಒಂದು ಕಡ್ಡಿ ಕಿತ್ತಳು.

ಚಾಳೀಸಕ್ಕ ಮದುವೆಯಾಗಿ ಬಂದಾಗ ಈ ನಾದಿನಿಗೆ ಹದಿನಾಲ್ಕು. ಒಂದು ದಿನ ಅತ್ತಿಗೆಯ ಕನ್ನಡಿ ಒಡೆದಿತ್ತು. ಹುಡುಗಿ ಮೂರು ದಿನ ತುಟಿ ಬಿಚ್ಚಲಿಲ್ಲ, ಬೈಗುಳವನ್ನೆಲ್ಲ ನುಂಗಿಕೊಂಡಳು. ಒಡೆದದ್ದು ಅವಳಣ್ಣ ಎಂದು ಗೊತ್ತಾಗಲು ವರ್ಷ ಹಿಡಿಯಿತು. ಅಂದಿನಿಂದ ಚಾಳೀಸಕ್ಕನಿಗೆ ಈ ಮೌನದ ಪರಿಚಯವಿತ್ತು. ಇವಳು ಬಾಯಿ ಮುಚ್ಚಿದಳೆಂದರೆ ಹೊಟ್ಟೆಯಲ್ಲಿ ಇನ್ನೊಬ್ಬರ ಗುಟ್ಟಿದೆ ಎಂದೇ ಅರ್ಥ.

"ಯಾರ ಕನ್ನಡಿ ಕಣೇ ಈ ಸಲ?"

ನಾದಿನಿಯ ಕಣ್ಣು ಮತ್ತೆ ತುಂಬಿತು. "ಮಾತು ಕೊಟ್ಟಿದ್ದೀನಿ ಅತ್ತಿಗೆ."

"ನಾಲ್ಕು ಗಂಟೆಗೆ ಈ ಕೆಲಸ ಹೋಗುತ್ತೆ. ಇದು ಬರೀ ಕೆಲಸ ಅಲ್ಲ ಅಂತ ನನಗೆ ಗೊತ್ತು. ಗಂಡನ ಮನೆ ಬಿಟ್ಟು ಬಂದ ಮೇಲೆ ನೀನು ತಲೆ ಎತ್ತಿ ನಡೆದಿದ್ದೇ ಇಲ್ಲಿ. ಹೆಸರು ಹೇಳ್ಬೇಡ. ಏನಾಯ್ತು ಅಷ್ಟು ಹೇಳು."

ನಾದಿನಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಶುಕ್ರವಾರ ಪುಸ್ತಕ ಮುಗೀತು. ಮೂವತ್ತಾರು ಅಧ್ಯಾಯ. ಮುಗಿದ ಮೇಲೆ ದನಿಯಮ್ಮ, ‘ಮಗು, ಸ್ವಲ್ಪ ಹೊರಗಿರು, ಮೈಕು ಹಾಗೇ ಇರಲಿ' ಅಂದ್ರು. ಇಪ್ಪತ್ತು ನಿಮಿಷ ಒಬ್ರೇ ಮಾತಾಡಿದ್ರು. ಗಾಜಿನಾಚೆ ತುಟಿ ಅಲ್ಲಾಡೋದು ಕಾಣಿಸ್ತಿತ್ತು, ಅಷ್ಟೇ. ಹೊರಗೆ ಬಂದವರು ನನ್ನ ಕೈ ಹಿಡ್ಕೊಂಡು, ‘ತಪ್ಪು ಮಾಡಿಬಿಟ್ಟೆ. ಆ ತುಂಡನ್ನ ಕತ್ತರಿಸಿ ಬಿಸಾಡು. ಯಾರ ಕಿವಿಗೂ ಬೀಳಬಾರದು. ಇತ್ತು ಅನ್ನೋದನ್ನೂ ಹೇಳಬಾರದು' ಅಂದ್ರು. ಆಯ್ತು ಅಂದೆ."

"ಮತ್ತೆ?"

"ಸೋಮವಾರ ಬೆಳಿಗ್ಗೆ ಬಂದು ತೆಗೀತೀನಿ ಅಂದುಕೊಂಡೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋದೆನಲ್ಲ, ಮರೆತೇಹೋಯ್ತು."

ಚಾಳೀಸಕ್ಕನಿಗೆ ಉಳಿದದ್ದು ತಾನೇ ಹೊಳೆಯಿತು. ಅಧ್ಯಾಯ ಮುಗಿದಾಗಲೆಲ್ಲ ಕಿವಿಯಣ್ಣ ಗುಂಡಿ ತಡಕಾಡದಿರಲಿ ಎಂದು, ಪುಸ್ತಕದ ತುಂಡುಗಳನ್ನೆಲ್ಲ ಒಂದೇ ಉದ್ದದ ಫೈಲಾಗಿ ಹೊಲಿಯುವ ಕೆಲಸ ಪ್ರತಿದಿನ ಬೆಳಿಗ್ಗೆ ತಾನಾಗಿ ನಡೆಯುತ್ತದೆ. ಹೊಲಿದಾದ ಮೇಲೆ ತುಂಡುಗಳು ಅಳಿಯುತ್ತವೆ. ಅದನ್ನು ಬರೆದದ್ದೂ ಅವಳೇ. ಫೋಲ್ಡರಿನಲ್ಲಿದ್ದ ಮೂವತ್ತೇಳನೇ ತುಂಡನ್ನೂ ಅದು ನಿಷ್ಠೆಯಿಂದ ಹೊಲಿದುಬಿಟ್ಟಿತ್ತು.

"ಹನ್ನೆರಡೂವರೆಗೆ ಬಂದು ನೋಡ್ತೀನಿ, ಕಿವಿಯಣ್ಣ ಕೊನೇ ಅಧ್ಯಾಯದಲ್ಲಿದ್ದಾರೆ! ಇನ್ನು ಹತ್ತು ನಿಮಿಷಕ್ಕೆ ಅವರ ಕಿವಿಗೆ ಅದು ಬಿದ್ದೇ ಬೀಳುತ್ತೆ. ಹೋಗಿ ನಿಲ್ಲಿಸಿ ಅಂದ್ರೆ ಯಾಕೆ ಅಂತಾರೆ. ಕೈಕಾಲೇ ಆಡಲಿಲ್ಲ. ಫೈಲೇ ಅಳಿಸಿಬಿಟ್ರೆ ಅಲ್ಲೇ ನಿಂತುಹೋಗುತ್ತೆ, ಯಂತ್ರ ಕೆಟ್ಟಿತು ಅಂದ್ಕೋತಾರೆ, ಆಮೇಲೆ ನಕಲಿನ ಡಿಸ್ಕಿಂದ ತಂದು ಬಾಲ ಕತ್ತರಿಸಿ ಕೊಟ್ರಾಯ್ತು ಅಂತ..."

"ತರಬೇಕಿತ್ತಲ್ಲ, ತಕ್ಷಣ!"

"ಆಸ್ಪತ್ರೆಯಿಂದ ಫೋನ್ ಬಂತು. ಮಾತಾಡಿ ಇಟ್ಟಾಗ ಒಂದು ಗಂಟೆ ಐದು ನಿಮಿಷ. ಹೋಗಿ ನೋಡಿದ್ರೆ ಅಲ್ಲೂ ಇಲ್ಲ."

ಚಾಳೀಸಕ್ಕನ ಹೊಟ್ಟೆಯೊಳಗಿಂದ ನಗು ಉಕ್ಕಿತು, ತಡೆದರೂ ನಿಲ್ಲಲಿಲ್ಲ.

"ಅಳಿಸಿದ್ರೆ ನಿಲ್ಲುತ್ತೆ ಅಂತ ಯಾರು ಹೇಳಿದ್ರು ನಿಂಗೆ? ನಿಲ್ಲಲ್ಲ ಕಣೇ! ತೆರೆದು ಹಿಡಿದವರ ಕೈಯಿಂದ ಇದು ಏನನ್ನೂ ಕಿತ್ಕೊಳ್ಳಲ್ಲ. ನೀನು ಅಳಿಸಬಾರದ್ದನ್ನ ಅಳಿಸಿದೆ, ನನ್ನ ನಿಯಮ ಉಳಿದದ್ದನ್ನೂ ಗುಡಿಸಿ ಹಾಕ್ತು. ಅತ್ತಿಗೆ ನಾದಿನಿ ಸೇರಿ ಒಳ್ಳೇ ಸಂಸಾರ ಮಾಡಿದ್ವಿ."

ನಾದಿನಿ ಅಳುತ್ತಲೇ ನಕ್ಕಳು. ಮರುಕ್ಷಣ ಗಾಬರಿಯಾದಳು. "ಹಾಗಾದ್ರೆ ಕಿವಿಯಣ್ಣ ಕೇಳಿಬಿಟ್ರಾ?"

"ಇಲ್ಲ ಮಾರಾಯ್ತಿ. ಇಪ್ಪತ್ತು ನಿಮಿಷ ಬಾಕಿ ಇಟ್ಟು ನಿಲ್ಲಿಸಿದ್ದೀನಿ ಅಂದ್ರು."

"ಅಬ್ಬ," ಎಂದು ನಾದಿನಿ ಅತ್ತಿಗೆಯ ಮಂಡಿಗೆ ಹಣೆ ಒರಗಿಸಿದಳು, ಹದಿನಾಲ್ಕರಲ್ಲಿ ಜಡೆ ಹಾಕಿಸಿಕೊಳ್ಳುವಾಗ ಒರಗುತ್ತಿದ್ದಂತೆಯೇ. ಅಲ್ಲೊಂದು ಇಲ್ಲೊಂದು ನೆರೆಗೂದಲು. ಚಾಳೀಸಕ್ಕ ಸುಮ್ಮನೆ ಸವರಿದಳು.

ಮೂರು ನಲವತ್ತಾರಕ್ಕೆ ನಕಲು ಮುಗಿಯಿತು. ಪೆನ್‌ಡ್ರೈವಿನ ಫೈಲು ತೆರೆದು ಮೊದಲ ಅರ್ಧ ನಿಮಿಷ ಕೇಳಿದಳು. ದನಿಯಮ್ಮ ಪುಸ್ತಕದ ಹೆಸರು ಹೇಳಿ, ನೀರು ಗುಟುಕರಿಸಿ, "ಅಧ್ಯಾಯ ಒಂದು" ಎಂದರು. ಉಳಿಯಿತು.

ಎದ್ದುಹೋಗುವ ಮೊದಲು ಒಂದು ಕೊನೆಯ ತಪಾಸಣೆ. ಒಲೆ ಆರಿಸಿದ್ದೇನಾ ಎಂದು ಬಾಗಿಲಿನಿಂದ ಹಿಂದಿರುಗಿ ನೋಡುವಂಥ ಅಭ್ಯಾಸ. ಫೈಲು ಓದುತ್ತಿರುವ ಪ್ರತಿ ಪ್ರೋಸೆಸ್ಸಿನ ಬೆರಳು ಎಲ್ಲಿಗೆ ಬಂದಿದೆಯೆಂದು ಲಿನಕ್ಸ್ ಗುರುತಿಟ್ಟಿರುತ್ತದೆ. ಮೂರನೇ ಮೇಜಿನ ಬೆರಳು ಎಲ್ಲಿದೆ ಎಂದು ಕೇಳಿದಳು. ಬಂದ ಸಂಖ್ಯೆಯನ್ನು ಫೈಲಿನ ಉದ್ದದಿಂದ ಕಳೆದು ಸೆಕೆಂಡಿಗೆ ಇಳಿಸಿದಳು.

ಇಪ್ಪತ್ತು ನಿಮಿಷವಲ್ಲ.

ಒಂಬತ್ತು ಸೆಕೆಂಡು.

*

"ಅಣ್ಣಾ, ನನ್ನ ಹತ್ರ ಸುಳ್ಳು ಹೇಳಿದ್ರಿ."

ಕಿವಿಯಣ್ಣ ಕೂತಲ್ಲೇ ಇದ್ದರು. ಹಿಂದೆ ನಿಂತ ನಾದಿನಿಯ ಉಸಿರು ಅವರಿಗೆ ಕೇಳಿಸಿರಬೇಕು. ಮುಖ ಆ ಕಡೆ ತಿರುಗಿಸಿದರು.

"ಹೇಳಿದೆನಮ್ಮ. ಆ ಮಾತು ನನ್ನದಾಗಿರಲಿಲ್ಲ, ಅದಕ್ಕೆ."

"ಪೂರ್ತಿ ಕೇಳಿದ್ದೀರಿ."

"ಪುಸ್ತಕ ಮುಗಿದ ಮೇಲೆ ಅವರು ಒಂದು ಕಾಗದ ಓದಿದ್ರು. ‘ಇಪ್ಪತ್ತು ವರ್ಷದಿಂದ ಬರೆದು, ಹರಿದು, ಮತ್ತೆ ಬರೆದು ಇಟ್ಟುಕೊಂಡದ್ದು, ಗಂಟಲಿರೋವಾಗಲೇ ಓದಿಬಿಡ್ತೀನಿ' ಅಂದ್ರು. ಈ ಕಟ್ಟಡದಲ್ಲೇ ಇರೋ ಒಬ್ಬರಿಗೆ." ಅವರ ದನಿ ಸಣ್ಣಗಾಯಿತು. "ಅಂಥ ಕಾಗದ ನಾನು ಇನ್ನೊಂದು ಕೇಳಿಲ್ಲ. ಕೊನೇಲಿ, ‘ಇದು ಯಾರಿಗೆ ಅಂತಲೂ ಹೇಳಿಬಿಡ್ತೀನಿ' ಅಂದ್ರು. ಉಸಿರು ತಗೊಂಡ್ರು. ಅಷ್ಟಕ್ಕೇ ನಿಂತ್ಹೋಯ್ತು."

"ಹೆದರಿ ನಿಲ್ಲಿಸಿಬಿಟ್ರಾ?"

"ನಿಲ್ಲಿಸಿದ್ದು ನಾನಲ್ಲಮ್ಮ." ಅವರು ಎರಡೂ ಅಂಗೈ ತೋರಿಸಿದರು. "ತಾನಾಗೇ ನಿಂತಿತು. ಯಾವ ಗುಂಡಿ ಮುಟ್ಟಿದ್ರೆ ಏನು ಹೋಗುತ್ತೋ ಅಂತ ಒಂದು ಗಂಟೆಯಿಂದ ಅಲ್ಲಾಡದೆ ಕೂತಿದ್ದೀನಿ."

ಚಾಳೀಸಕ್ಕನಿಗೆ ಬಿಚ್ಚಿಕೊಂಡಿದ್ದ ವೈರು ನೆನಪಾಯಿತು. ಇಲ್ಲದ ರಬ್ಬರ್ ಬ್ಯಾಂಡು. ಪಕ್ಕದ ಕಪ್ಪು ಗುಂಡಿ.

ಅಷ್ಟರಲ್ಲಿ ಫ್ಯಾನು ನಿಧಾನವಾಯಿತು, ನಿಂತಿತು. ನಾಲ್ಕು ಗಂಟೆ. ಎಂಟು ವರ್ಷದಲ್ಲಿ ಮೊದಲ ಸಲ ಮೆಟ್ಟಿಲ ಕೆಳಗಿನ ಗುಂಯ್‌ಗುಡುವ ಸದ್ದೂ ಅಡಗಿತು. ಮೂರನೇ ಮೇಜಿನ ಹಿಡಿತ ಬಿಟ್ಟುಹೋಗಿತ್ತು. ಇನ್ನು ಆ ದನಿ ಉಳಿದಿದ್ದುದು ಅವಳ ಮುಷ್ಟಿಯಲ್ಲಿದ್ದ ಪೆನ್‌ಡ್ರೈವಿನಲ್ಲಿ ಮಾತ್ರ.

ಆ ನಿಶ್ಶಬ್ದದಲ್ಲಿ ಕಿವಿಯಣ್ಣ ಮೂಗರಳಿಸಿದರು.

"ಒಳಗೆ ಬನ್ನಿ ಸಾರ್. ಬೀಗದಕೈ ಎಷ್ಟು ಬಿಗಿಯಾಗಿ ಹಿಡ್ಕೊಂಡ್ರೂ ಪೆಪ್ಪರಮಿಂಟು ಬಚ್ಚಿಡೋಕಾಗಲ್ಲ."

ಕಾರ್ಯದರ್ಶಿಗಳು ಬಾಗಿಲ ಮರೆಯಿಂದ ಬಂದರು. ಗೊಂಚಲನ್ನು ಎದೆಗವಚಿಕೊಂಡಿದ್ದರು. ಎಪ್ಪತ್ತೊಂದು ವರ್ಷದ ಮುಖ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನದಾಗಿತ್ತು.

"ಅವರ ಕೊನೇ ಪುಸ್ತಕ ಅಂತ ಇವತ್ತು ಹೆಡ್‌ಫೋನ್ ತಗೊಂಡೆ," ಎಂದರು ನೆಲ ನೋಡುತ್ತ. "ಹೆಸರು ಹೇಳ್ತೀನಿ ಅಂದಾಗ ಕೈ ತಾನಾಗೇ ಗುಂಡಿ ಮೇಲೆ ಹೋಯ್ತು. ಧೈರ್ಯ ಬಂದ ಮೇಲೆ ಕೇಳೋಣ ಅಂತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಫೋಲ್ಡರೇ ಖಾಲಿ. ದುಃಖಕ್ಕೆ ಕೋಪ ಬಂತು. ಈ ಮಗುವಿನ ಮೇಲೆ ಹಾಕಿದೆ."

"ನೀವು ಗುಂಡಿ ಒತ್ತದೇ ಇದ್ದಿದ್ರೆ ಒಂಬತ್ತೇ ಸೆಕೆಂಡಿಗೆ ಫೈಲು ಮುಗಿದು, ಎಲ್ಲ ಹೋಗಿಬಿಡ್ತಿತ್ತು ಸಾರ್," ಎಂದಳು ಚಾಳೀಸಕ್ಕ. "ನಿಮ್ಮ ಪುಕ್ಕಲುತನಾನೇ ಅವರ ದನಿ ಉಳಿಸಿದ್ದು."

ಅವರು ಬೆಚ್ಚಿ ತಲೆ ಎತ್ತಿದರು. ಅವಳ ಮುಷ್ಟಿ ನೋಡಿದರು. ನಾದಿನಿಯ ಕಡೆ ತಿರುಗಿ, "ನಾಳೆ ಒಂಬತ್ತಕ್ಕೆ ಬಂದ್ಬಿಡಮ್ಮ. ತಡ ಮಾಡ್ಬೇಡ," ಎಂದಷ್ಟೇ ಅಂದರು.

"ಎಪ್ಪತ್ತೊಂದರಲ್ಲಿ ಇದೇನು ಸಾರ್," ಎಂದರು ಕಿವಿಯಣ್ಣ.

"ನಿಮಗೇನು ಇಪ್ಪತ್ತೇ? ಊಟ ಬಿಟ್ಟು ಕೂತವರು ಯಾರು?"

ನಾದಿನಿ ಅತ್ತಿಗೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. "ಕೊಡಬೇಡಿ ಅತ್ತಿಗೆ. ಬಿಸಾಡು ಅಂದಿದ್ರು. ನಾನು ಮಾತು ಕೊಟ್ಟಿದ್ದೀನಿ."

ಚಾಳೀಸಕ್ಕ ಮುಷ್ಟಿ ಬಿಗಿಹಿಡಿದೇ ನಿಂತಳು. ಒಬ್ಬ ಹೆಂಗಸು ಇಪ್ಪತ್ತು ವರ್ಷ ನುಂಗಿಕೊಂಡದ್ದು, ಒಮ್ಮೆ ಆಡಿದ್ದು, ಆಡಿ ಹೆದರಿದ್ದು. ಅದನ್ನು ತೆರೆಯಲು ತಾನು ಯಾರು? ಬಿಸಾಡಲು ಮಾತ್ರ ಯಾರು?

ನಾದಿನಿಯ ಫೋನು ಗುರ್ ಎಂದಿತು. ಆಸ್ಪತ್ರೆಯ ನರ್ಸಿನ ಸಂದೇಶ. ಓದಿದವಳೇ ಫೋನನ್ನು ಅತ್ತಿಗೆಗೆ ಚಾಚಿದಳು.

ಚಾಳೀಸು ಏರಿಸಿಕೊಂಡು ಚಾಳೀಸಕ್ಕ ಗಟ್ಟಿಯಾಗಿ ಓದಿದಳು:

"ದನಿಯಮ್ಮನಿಗೆ ಎಚ್ಚರವಾಗಿದೆ. ಹಾಳೆ ಕೇಳಿ ತಗೊಂಡು ಒಂದೇ ಸಾಲು ಬರೆದಿದ್ದಾರೆ, ನಿಮಗೆ ಕಳಿಸಬೇಕಂತೆ: ಮಗು, ಅದನ್ನು ಅಳಿಸಿಲ್ಲ ತಾನೇ? ಅವರು ಕೇಳಿದರಾ?"

"ಯಾರು?" ಎಂದರು ಇಬ್ಬರೂ ಮುದುಕರು, ಒಂದೇ ಉಸಿರಿನಲ್ಲಿ.